ಚೀಟಿ ಸಿಕ್ಕಿತೆಂದು ಸಾಲಿ ಬಿಡಿಸಬೇಡಿ

ಬನಹಟ್ಟಿಯ ನೇಕಾರರೊಬ್ಬರು ಒಮ್ಮೆ ಶ್ರಾವಣದಲ್ಲಿ ನನ್ನ ಮುಂದೆ ಒಂದು ಚೀಟಿ ತಂದಿಟ್ಟರು. ನೋಟ್‌ಬುಕ್ಕಿನ ಅರ್ಧ ಹಾಳೆ. ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಮಡಿಕೆಯ ಗೆರೆಯಲ್ಲೇ ಹರಿದಿತ್ತು. ಹತ್ತನೇ ತರಗತಿಯ ಮಗಳ ಕಂಪಾಸ್ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದಂತೆ. “ನಾಳಿಂದ ಸಾಲಿ ಬಿಡಸ್ತೇನ್ರೀ ಅಕ್ಕಾರ. ದೀಪಾವಳಿ ಆದಮ್ಯಾಲ ಒಂದ್ ವರಾನೂ ನೋಡೇವ್ರಿ” ಎಂದರು. ಅವರ ಕೈ ನಡುಗುತ್ತಿತ್ತು. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು ಅದರಲ್ಲಿ. ಚೀಟಿಯಲ್ಲಿದ್ದದ್ದು ಒಂದೇ ಸಾಲು: ಗಣಿತದ ನೋಟ್ಸ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಕೆಳಗೊಂದು ಪುಟ್ಟ ಹೃದಯದ ಚಿತ್ರ.

ಹೈಸ್ಕೂಲು ಮಕ್ಕಳ ಆಪ್ತಸಮಾಲೋಚನೆ ನನ್ನ ಕೆಲಸ. ಇಂಥ ತಂದೆ ತಾಯಿ ಬಂದಾಗ ಒಂದು ಸಿನಿಮಾ ನೋಡಲು ಹೇಳುತ್ತೇನೆ. ಅದು ರೂಪಾ ರಾವ್ ಬರೆದು ನಿರ್ದೇಶಿಸಿದ ‘ಗಂಟುಮೂಟೆ’. 2019ರ ಅಕ್ಟೋಬರಿನಲ್ಲಿ ತೆರೆಗೆ ಬಂತು. ಅದೇ ವರ್ಷ ನ್ಯೂಯಾರ್ಕಿನ ಭಾರತೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಪಡೆಯಿತು. ಕಥೆ 1990ರ ದಶಕದ ಬೆಂಗಳೂರಿನ ಹೈಸ್ಕೂಲಿನದು. ಹದಿನಾರರ ಮೀರಾಳಾಗಿ ತೇಜು ಬೆಳವಾಡಿ, ಅವಳ ಸಹಪಾಠಿ ಮಧುವಾಗಿ ನಿಶ್ಚಿತ್ ಕೊರೋಡಿ ನಟಿಸಿದ್ದಾರೆ.

ಹೈಸ್ಕೂಲು ಪ್ರೀತಿಯ ಕಥೆಯನ್ನು ನಮ್ಮ ಸಿನಿಮಾಗಳು ಬಹುಪಾಲು ಹುಡುಗನ ಕಣ್ಣಿನಿಂದಲೇ ಹೇಳಿವೆ. ಹುಡುಗಿ ಅಲ್ಲಿ ನೋಡಿಸಿಕೊಳ್ಳುವವಳು. ಇಲ್ಲಿ ಮೀರಾಳೇ ನೋಡುತ್ತಾಳೆ, ಅವಳೇ ಹೇಳುತ್ತಾಳೆ. ತೆರೆಯ ಮೇಲಿನ ನಾಯಕನನ್ನು ಮನಸ್ಸಿನಲ್ಲಿಟ್ಟುಕೊಂಡ ಹುಡುಗಿ ತನ್ನ ತರಗತಿಯ ಹುಡುಗನಲ್ಲಿ ಅವನನ್ನು ಹುಡುಕುತ್ತಾಳೆ. ಅವಳಿಗೆ ಆಸೆಯಿದೆ, ಅಂಜಿಕೆಯಿದೆ, ತನ್ನದೇ ಲೆಕ್ಕಾಚಾರವೂ ಇದೆ. ಇದನ್ನು ನೋಡಿದ ತಾಯಂದಿರು ಒಂದಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ತಮ್ಮ ಹದಿನಾರರ ಮಾತು ತೆಗೆಯುವುದನ್ನು ನಾನು ಕಂಡಿದ್ದೇನೆ. ಮಗಳೊಡನೆ ಮಾತಿಗೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಈ ವಯಸ್ಸಿನಲ್ಲಿ ಭಾವನೆ ಮುಂದೆ ಓಡುತ್ತದೆ, ವಿವೇಚನೆ ಹಿಂದಿನಿಂದ ಬರುತ್ತದೆ. ಮುಂದಿನದನ್ನು ಯೋಚಿಸಿ ತಡೆಹಿಡಿಯುವ ಮಿದುಳಿನ ಮುಂಭಾಗ ಪೂರ್ತಿ ಮಾಗಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಆದ್ದರಿಂದ ಆಕರ್ಷಣೆ ಬೆಳವಣಿಗೆಯ ಭಾಗ, ಮನೆತನಕ್ಕೆ ಬಂದ ಕಳಂಕವಲ್ಲ. ಆದರೆ ಗೆರೆ ಎಲ್ಲಿದೆ ಎಂಬುದನ್ನು ಮಗಳಿಗೆ ಹೇಳಿದಷ್ಟೇ ಮಗನಿಗೂ ಸ್ಪಷ್ಟವಾಗಿ ಹೇಳಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ಸಂಪರ್ಕಕ್ಕೆ 18 ತುಂಬದವರು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಇದನ್ನು ಹೆದರಿಸಲು ಹೇಳಬೇಡಿ. ರಸ್ತೆ ದಾಟುವುದನ್ನು ಕಲಿಸುವ ದನಿಯಲ್ಲಿ ಹೇಳಿ.

ಇನ್ನು ಸಾಲಿ ಬಿಡಿಸುವ ಮಾತು. ಬೀಳಗಿ ಕಡೆಯ ಪುನರ್ವಸತಿ ಊರುಗಳಿಂದ ಬಸ್ಸಿಗೆ ಬರುವ ಹುಡುಗಿಯರ ಮನೆಗಳಲ್ಲಿ ಇದನ್ನು ಹೆಚ್ಚಾಗಿ ಕೇಳುತ್ತೇನೆ. ಬಸ್ಸು, ಮೊಬೈಲು, ಹುಡುಗರು ಎಂದು ಶುರುವಾದದ್ದು ಮದುವೆಯಲ್ಲಿ ಮುಗಿಯುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಬಾಲ್ಯವಿವಾಹ ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ಅಂಥ ಮದುವೆ ಮಾಡಿಸಿದ ಹಿರಿಯರ ಮೇಲೆ ಕೇಸಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಒಂದು ಚೀಟಿಗೆ ಒಂದು ಬದುಕನ್ನೇ ದಂಡ ಹಾಕಿದಂತಾಗುತ್ತದೆ. ನೋಡುತ್ತಿರುವ ತಂಗಿಯೂ ಇನ್ನು ಮೇಲೆ ಮನೆಯಲ್ಲಿ ಯಾವ ಮಾತನ್ನೂ ಆಡಬಾರದೆಂದು ಕಲಿಯುತ್ತಾಳೆ.

ಮಾತಾಡಲು ಹೊತ್ತೆಲ್ಲಿದೆ ಎಂದು ಕೇಳುವವರಿದ್ದಾರೆ. ನಿಜ. ರಬಕವಿಯ ಮನೆಗಳಲ್ಲಿ ಅಪ್ಪ ಮಗ್ಗದ ಮುಂದೆ, ಅವ್ವ ಕಂಡಿಕೆ ಸುತ್ತುತ್ತ. ಪವರ್‌ಲೂಮಿನ ಸದ್ದಿನಲ್ಲಿ ಊಟಕ್ಕೆ ಕರೆಯಲೂ ಕೂಗಬೇಕು. ಮುಧೋಳದ ಕಬ್ಬಿನ ಹೊಲಗಳಲ್ಲಿ ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಎದ್ದು ಹೋಗಬೇಕು. ನಾನು ಕಂಡ ಒಬ್ಬ ಅವ್ವ ಇದಕ್ಕೆ ತಾನೇ ಉಪಾಯ ಕಂಡುಕೊಂಡಿದ್ದಳು. ಕರೆಂಟು ಹೋಗಿ ಮಗ್ಗ ನಿಂತ ಕೂಡಲೇ ಮನೆಯಲ್ಲಿ ಒಂದು ಗಾಢ ಮೌನ ಆವರಿಸುತ್ತದಲ್ಲ, ಆಗ ಕೈಯಲ್ಲಿದ್ದುದನ್ನು ಕೆಳಗಿಟ್ಟು ಮಗಳ ಹತ್ತಿರ ಹೋಗಿ ಕೂತುಬಿಡುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಎಂಟು ಹತ್ತು ದಿನ ಕಳೆದ ಮೇಲೆ ಹುಡುಗಿಯೇ ಮಾತು ಶುರುಮಾಡಿದಳು.

ಸಿನಿಮಾದಲ್ಲಿ ಮಧು ಓದಿನಲ್ಲಿ ಹಿಂದೆ. ಪ್ರೀತಿಯ ಭಾರ, ಪರೀಕ್ಷೆಯ ಭಾರ ಎರಡೂ ಒಂದೇ ಬೆನ್ನಿನ ಮೇಲೆ. ಗಂಡುಮಕ್ಕಳ ಪೋಷಕರು ಇದನ್ನು ಗಮನವಿಟ್ಟು ನೋಡಬೇಕು, ಏಕೆಂದರೆ ಹುಡುಗರು ಬಾಯಿಬಿಟ್ಟು ಹೇಳುವುದು ಕಡಿಮೆ. 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ ವರ್ಷ ಅದು. ಸಾವಿರಾರು ಮನೆಗಳಲ್ಲಿ ಮೊದಲ ಸಲ ಫೇಲೆಂಬ ಮಾತು ಕೇಳಿಬಂತು. ಅದೇ ವರ್ಷದಿಂದ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿಯೂ ಶುರುವಾಯಿತು. ಪರೀಕ್ಷೆ-1ರಲ್ಲಿ ಬಿದ್ದವರು ವರ್ಷ ಕಳೆದುಕೊಳ್ಳದೆ ಮುಂದಿನದನ್ನು ಬರೆಯಬಹುದು. ಫಲಿತಾಂಶದ ದಿನ ಬರುವ ಮೊದಲೇ, ಇವತ್ತೇ, ಇದನ್ನು ಮಗನಿಗೆ ಹೇಳಿಡಿ. ಅವನಿಗೆ ಗೊತ್ತಿದ್ದರೂ ನಿಮ್ಮ ಬಾಯಿಂದ ಬರಲಿ.

‘ಗಂಟುಮೂಟೆ’ಯ ಕೊನೆಯ ಭಾಗ ಭಾರವಾದದ್ದು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮೊದಲು ನೀವೇ ನೋಡಿ. ಮಗು ಈಗಾಗಲೇ ಕುಗ್ಗಿದ್ದರೆ ಸದ್ಯಕ್ಕೆ ತೋರಿಸಬೇಡಿ. ತೋರಿಸಿದರೆ ಪಕ್ಕದಲ್ಲೇ ಕೂತಿರಿ, ಮುಗಿದ ಕೂಡಲೇ ಪಾಠ ಹೇಳಲು ಹೋಗಬೇಡಿ.

ಎರಡು ವಾರಕ್ಕೂ ಹೆಚ್ಚು ಮಗು ಸರಿಯಾಗಿ ನಿದ್ದೆ ಮಾಡದಿದ್ದರೆ, ಊಟ ಬಿಟ್ಟರೆ, ಗೆಳೆಯರಿಂದ ದೂರವಾದರೆ ಎಚ್ಚರವಾಗಿರಿ. ‘ನಾ ಇರದಿದ್ರ ಛಲೋ ಇತ್ತು’ ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡಬೇಡಿ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಚೀಟಿ ತಂದಿದ್ದ ಆ ತಂದೆ ಎರಡನೆಯ ಸಲ ಬಂದಾಗ ಮಗಳನ್ನೂ ಕರೆತಂದಿದ್ದರು. ಚೀಟಿಯನ್ನು ಅವಳ ಕೈಗೇ ವಾಪಸ್ ಕೊಟ್ಟಿದ್ದರಂತೆ. ಹುಡುಗಿ ಮಾರ್ಚಿನಲ್ಲಿ ಪರೀಕ್ಷೆ ಬರೆದಳು.

ನಿಮ್ಮ ಮನೆಯ ಕ್ಯಾಲೆಂಡರಿನ ಮೇಲೆ ಇವತ್ತೇ ಎರಡು ಸಂಖ್ಯೆ ಬರೆದಿಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಮಕ್ಕಳ ಸಹಾಯವಾಣಿ 1098. ಎರಡಕ್ಕೂ ದುಡ್ಡಿಲ್ಲ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.