ಕೊಡುಗೆ ಫಲಕದಿಂದ ಪೋಸ್ಟರ್‌ಗೆ: ಒಂದು ಸಿನಿಮಾ ಪ್ರಚಾರವನ್ನು ಪಾಠವಾಗಿಸಿದ ಅನುಭವ

ಬೋಧನಾಭ್ಯಾಸದ ಅವಧಿಯಲ್ಲಿ ಕುಂದಾಣ ಹೋಬಳಿಯ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಜಾಹೀರಾತಿನ ಭಾಷೆಯ ಬಗ್ಗೆ ಎರಡು ಅವಧಿಗಳ ಪಾಠ ಯೋಜನೆ ಬರೆದುಕೊಂಡಿದ್ದೆ. ಮಾದರಿಗೆ ಆಯ್ದುಕೊಂಡದ್ದು 2018ರ ಆಗಸ್ಟ್‌ನಲ್ಲಿ ತೆರೆಗೆ ಬಂದ, ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರದ ಪ್ರಚಾರ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವಂಥ ಚಿತ್ರ. 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರ ಎನಿಸಿಕೊಂಡಿತು. ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಅದನ್ನು ಟಿವಿಯಲ್ಲಿ ನೋಡಿದ್ದರು.

ಮೊದಲ ಅವಧಿ ಹೇಗೆ ಶುರುವಾಯಿತೆಂದು ಹೇಳಿಬಿಡುತ್ತೇನೆ. ‘ಗಮನ, ಆಸಕ್ತಿ, ಬಯಕೆ, ಕ್ರಿಯೆ’ ಎಂಬ ನಾಲ್ಕು ಹಂತಗಳ ಚಾರ್ಟ್ ತೂಗುಹಾಕಿ, ಒಂದೊಂದನ್ನೂ ವಿವರಿಸಿದೆ. ಹತ್ತು ನಿಮಿಷ ಕಳೆಯಿತು. ಮಕ್ಕಳು ಬರೆದುಕೊಂಡರು, ಒಬ್ಬರೂ ತಲೆಯೆತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಿಸುತ್ತಿದ್ದ ನನ್ನ ಸಹಪಾಠಿಯೂ ಕಿಟಕಿಯಾಚೆ ನೋಡುತ್ತಿದ್ದಳು. ಅದು ನನಗೆ ಚೆನ್ನಾಗಿ ಕಾಣಿಸಿತು.

ಚಾರ್ಟ್ ಮಡಿಸಿಟ್ಟು ಪೋಸ್ಟರ್‌ನ ಪ್ರತಿಗಳನ್ನು ಹಂಚಿದೆ. ಜೆರಾಕ್ಸ್ ಪ್ರತಿ, ಬಣ್ಣವೂ ಇರಲಿಲ್ಲ. ಹೆಸರು ಓದುತ್ತಿದ್ದ ಹಾಗೆಯೇ ಒಬ್ಬ ಹುಡುಗ, “ಮಿಸ್, ಇದು ಫ್ಯಾನ್ ಮೇಲ್ ಬರ್ದಿರ್ತಾರಲ್ಲ, ಹಂಗೈತೆ” ಎಂದ. ಎಲ್ಲರೂ ಮೇಲೆ ನೋಡಿದರು. ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರಿತ್ತು. ಬೀರುವಿನ ಬಾಗಿಲ ಮೇಲೆ ಇನ್ನೊಬ್ಬರದು, ನೀರಿನ ಫಿಲ್ಟರ್ ಮೇಲೆ ಮತ್ತೊಬ್ಬರದು. ನಮ್ಮ ಕಡೆ ಯಾವ ಸರ್ಕಾರಿ ಶಾಲೆಗೆ ಹೋದರೂ ಈ ‘ಕೊಡುಗೆ’ ಕಣ್ಣಿಗೆ ಬೀಳುತ್ತದೆ. ಚಿತ್ರತಂಡ ಹೆಸರಿನಲ್ಲೇ ಅದನ್ನು ಎರವಲು ಪಡೆದಿದೆ. ಇಷ್ಟು ಉದ್ದದ ಹೆಸರನ್ನು ಪತ್ರಿಕೆಯ ಜಾಹೀರಾತಿನಲ್ಲಿ ಕೂರಿಸುವುದೇ ಕಷ್ಟ. ಬಾಯಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ. ಆದರೂ ಅದನ್ನೇ ಉಳಿಸಿಕೊಂಡರು. ಸರ್ಕಾರಿ ಶಾಲೆಯಲ್ಲಿ ಓದಿದ ಯಾರೇ ಆಗಲಿ, ಹೆಸರನ್ನು ಓದುವಷ್ಟರಲ್ಲೇ ತನ್ನ ಶಾಲೆಯ ಗೋಡೆಯನ್ನು ನೆನೆಯುತ್ತಾನೆ. ನನ್ನ ಚಾರ್ಟ್‌ನ ಮೊದಲೆರಡು ಹಂತ ಅಲ್ಲಿಗೇ ಮುಗಿದಿದ್ದವು.

“ಹಾಗಾದರೆ ಫ್ಯಾನ್ ಮೇಲಿನದು ಜಾಹೀರಾತೇ?” ಎಂದು ಕೇಳಿದೆ. ಇದು ಪಾಠ ಯೋಜನೆಯಲ್ಲಿ ಇರಲಿಲ್ಲ. ಅಲ್ಲ, ಅದು ಉಪಕಾರ ಸ್ಮರಣೆ ಎಂದರು ಕೆಲವರು. ಹೌದು, ಚುನಾವಣೆಗೆ ನಿಲ್ಲುವವರು ಹೆಸರನ್ನು ದೊಡ್ಡದಾಗಿ ಬರೆಸುತ್ತಾರೆ ಎಂದರು ಇನ್ನು ಕೆಲವರು. ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಯಾವ ಅಕ್ಷರ ದೊಡ್ಡದು, ಯಾವುದು ಚಿಕ್ಕದು ಎಂಬ ಪ್ರಶ್ನೆಗಳು ಈ ಜಗಳದಿಂದಲೇ ಹುಟ್ಟಿದವು. ಅವನ್ನೇ ಕಪ್ಪುಹಲಗೆಯ ಮೇಲೆ ಬರೆದೆ, ಉಳಿದ ವಿಶ್ಲೇಷಣೆಗೆ ಅವೇ ಸಾಕಾದವು.

ಪೋಸ್ಟರ್‌ಗೆ ಮರಳಿದಾಗ ಮೊದಲ ತಕರಾರು ‘ಹೀರೋ ಎಲ್ಲಿ?’ ಎಂಬುದು. ಇರುವುದು ಸಮವಸ್ತ್ರದ ಮಕ್ಕಳು, ಅವರ ಜೊತೆಗೆ ಅನಂತ್ ನಾಗ್. ನಿರ್ದೇಶಕರ ಹೆಸರಿಗೆ ‘ಕಿರಿಕ್ ಪಾರ್ಟಿ’ಯ ಗೆಲುವು ಆಗಲೇ ಬೆಲೆ ತಂದಿತ್ತು, ಅನಂತ್ ನಾಗ್ ಅಂದರೆ ಮನೆಯ ಹಿರಿಯರಿಗೆ ನಂಬಿಕೆ, ಮಕ್ಕಳಿಗೆ ಮಕ್ಕಳೇ ಇದ್ದಾರೆ. ಒಂದೇ ಕಾಗದ ಮನೆಯ ಮೂರು ವಯಸ್ಸಿನವರನ್ನು ಬೇರೆ ಬೇರೆಯಾಗಿ ಕರೆಯುತ್ತಿದೆ ಎಂಬುದನ್ನು ಮಕ್ಕಳು ತಾವಾಗಿಯೇ ಕಂಡುಕೊಂಡರು ಎಂದರೆ ಸುಳ್ಳಾದೀತು. ಅರ್ಧ ನಾನೇ ಹೇಳಿಕೊಟ್ಟೆ.

ಕಾಸರಗೋಡು ಎಲ್ಲಿದೆ ಎಂದಾಗ ಬಹುತೇಕರು ಮಂಗಳೂರಿನ ಹತ್ತಿರ, ಕರ್ನಾಟಕದಲ್ಲಿ ಎಂದರು. ಭೂಪಟ ತರಿಸಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಕೇರಳಕ್ಕೆ ಸೇರಿತು, ಅಲ್ಲಿ ಇಂದಿಗೂ ಕನ್ನಡ ಮಾಧ್ಯಮ ಶಾಲೆಗಳಿವೆ ಎಂದು ತಿಳಿಸಿದ ಮೇಲೆ ಹೆಸರಿನ ನಡುವಿನ ಪದಕ್ಕೆ ತೂಕ ಬಂತು. ಚಿತ್ರದ ಕತೆಯೇ ಅದು: ಗಡಿಯಾಚೆಯ ಕನ್ನಡ ಶಾಲೆಯೊಂದು ಮುಚ್ಚುವ ಹಂತಕ್ಕೆ ಬರುವುದು, ಅದನ್ನು ಉಳಿಸಿಕೊಳ್ಳಲು ಮಕ್ಕಳು ಮೈಸೂರಿನವರೆಗೆ ಹೋಗುವುದು. ಹೆಸರಿನಲ್ಲಿ ಮುಚ್ಚುವ ಸುಳಿವೇ ಇಲ್ಲ. ಬಿಡುಗಡೆಗೆ ಮುಂಚೆ ಬಂದ ವಾಸುಕಿ ವೈಭವ್ ಸಂಗೀತದ ಹಾಡುಗಳಲ್ಲಿ ದಡ್ಡ ಹುಡುಗನ ಹಾಡೇ ಎಲ್ಲರ ಬಾಯಲ್ಲಿತ್ತು. ಯಾಕೆ ಹೀಗೆ ಎಂದು ಕೇಳಿದಾಗ ಮುಂದಿನ ಸಾಲಿನ ಹುಡುಗಿ, “ಅಳು ತೋರ್ಸಿದ್ರೆ ಯಾರ್ ಬರ್ತಾರೆ ಮಿಸ್? ನಗಾಡ್ಸಿ ಒಳಗ್ ಕರ್ಕೊಂಡು ಆಮೇಲ್ ಅಳಿಸ್ತಾರೆ” ಎಂದಳು. ನನ್ನ ಟಿಪ್ಪಣಿಯಲ್ಲಿ ಇದಕ್ಕೆ ಅರ್ಧ ಪುಟ ಬರೆದುಕೊಂಡಿದ್ದೆ.

ಎರಡನೇ ಅವಧಿಗೆ ಮಕ್ಕಳು ತಮ್ಮೂರ ದಾರಿಯಲ್ಲಿ ಕಂಡ ಜಾಹೀರಾತುಗಳನ್ನು ಬರೆದು ತಂದಿದ್ದರು. ದೇವನಹಳ್ಳಿ ರಸ್ತೆಯ ನಿವೇಶನಗಳದೇ ಹೆಚ್ಚು. ವಿಮಾನ ನಿಲ್ದಾಣ ಇಂತಿಷ್ಟು ನಿಮಿಷ ಎಂಬ ಮಾತು ಅವುಗಳಲ್ಲೆಲ್ಲ ಇತ್ತು. ಅದರ ನಂತರ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳ ಫ್ಲೆಕ್ಸ್‌ಗಳು. ಅವನ್ನು ಓದಿ ಮುಗಿಸುವಾಗ ಒಬ್ಬ ಹುಡುಗ, “ನಮ್ ಸ್ಕೂಲ್ಗೆ ಯಾಕ್ ಮಿಸ್ ಒಂದೂ ಇಲ್ಲ?” ಎಂದ. ಅವನ ತಮ್ಮ ಹಳದಿ ವ್ಯಾನಿನಲ್ಲಿ ಹೋಗುತ್ತಾನೆ, ಇವನು ನಡೆದು ಬರುತ್ತಾನೆ. ತರಗತಿ ಸುಮ್ಮನಾಯಿತು. ನನಗೂ ತಟ್ಟನೆ ಏನೂ ತೋಚಲಿಲ್ಲ. ಹಾಗಾದರೆ ನೀವೇ ಒಂದು ಮಾಡಿ ಎಂದು ಹಾಳೆ ಹಂಚಿದೆ.

ಇಲ್ಲೇ ನಾನು ಎಡವಿದ್ದು. ವಿಶ್ಲೇಷಣೆಯ ಪಾಠ ಹೊಗಳಿಕೆಯ ಪಾಠವಾಯಿತು. ‘ತಾಲ್ಲೂಕಿಗೇ ದೊಡ್ಡ ಮೈದಾನ’ ಎಂದು ಒಂದು ಗುಂಪು ಬರೆಯಿತು. ನಾನು ಚಪ್ಪಾಳೆ ತಟ್ಟಿಸಿದೆ. ಪುಣ್ಯಕ್ಕೆ ಇನ್ನೊಂದು ಗುಂಪಿನವರು “ಅಳತೆ ಮಾಡಿದೋರ್ಯಾರು?” ಎಂದರು. ಜಾಹೀರಾತಿನ ಮಾತಿಗೆ ಪುರಾವೆ ಇರಬೇಕು, ಅದಕ್ಕೆಂದೇ 1985ರಿಂದ ಭಾರತೀಯ ಜಾಹೀರಾತು ಮಾನಕ ಮಂಡಳಿ ನಿಯಮಾವಳಿ ಇಟ್ಟುಕೊಂಡಿದೆ ಎಂದು ಹೇಳುವ ಅವಕಾಶ ಸಿಕ್ಕಿತು. ಆ ಗುಂಪು ‘ತಾಲ್ಲೂಕಿಗೇ’ ಎಂಬುದನ್ನು ಹೊಡೆದು, ‘ಮೂರು ಖೋ-ಖೋ ಅಂಕಣ ಹಿಡಿಸುವ’ ಎಂದು ತಿದ್ದಿತು. ಓದುವವರಿಗೆ ಇದೇ ಹೆಚ್ಚು ನಾಟುತ್ತದೆ ಎಂದು ಅವರೇ ಒಪ್ಪಿದರು.

ವೀಕ್ಷಣಾ ವರದಿಯಲ್ಲಿ ಮಾರ್ಗದರ್ಶಕ ಉಪನ್ಯಾಸಕರು ‘ಉದ್ದೇಶದಿಂದ ವಿಚಲನೆ’ ಎಂದು ಬರೆದರು. ಎರಡನೇ ಅವಧಿಯ ಮಟ್ಟಿಗೆ ಒಪ್ಪುತ್ತೇನೆ. ಮೊದಲ ಅವಧಿಯ ಫ್ಯಾನಿನ ಚರ್ಚೆಗೂ ಅದೇ ಮಾತು ಅನ್ವಯಿಸುತ್ತದೆ ಎಂದು ಅವರು ಹೇಳಿದ್ದನ್ನು ಮಾತ್ರ ಇನ್ನೂ ಒಪ್ಪಲಾರೆ. ಮಕ್ಕಳು ಜಾಹೀರಾತನ್ನು ಓದಲು ಕಲಿತದ್ದು ಅಲ್ಲೇ.

ಗಂಟೆ ಹೊಡೆಯುವ ಮುಂಚೆ ಒಬ್ಬಳು ‘777 ಚಾರ್ಲಿ’ಯ ಮಾತೆತ್ತಿದಳು. 2022ರ ಜೂನ್‌ನಲ್ಲಿ ಆ ಚಿತ್ರ ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತಮ್ಮ ನಾಯಿಯನ್ನು ನೆನೆದು ಕಣ್ಣೀರಿಟ್ಟದ್ದು ಎಲ್ಲ ವಾಹಿನಿಗಳಲ್ಲೂ ಬಂದಿತ್ತು. ಅದು ಸುದ್ದಿಯೋ ಜಾಹೀರಾತೋ ಎಂಬುದು ಅವಳ ಪ್ರಶ್ನೆ. ದುಡ್ಡು ಕೊಟ್ಟು ಹಾಕಿಸಿದ್ದಲ್ಲ, ಹಾಗಾಗಿ ಸುದ್ದಿ ಎಂದರು ಕೆಲವರು. ಅದನ್ನು ನೋಡಿಯೇ ನಮ್ಮಪ್ಪ ಥಿಯೇಟರಿಗೆ ಕರೆದುಕೊಂಡು ಹೋದದ್ದು ಎಂದ ಇನ್ನೊಬ್ಬ. ಕಪ್ಪುಹಲಗೆಯಲ್ಲಿ ‘ಸುದ್ದಿ’, ‘ಜಾಹೀರಾತು’ ಎಂದು ಎರಡು ಕಲಂ ಎಳೆದಿದ್ದೆ. ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟೆ. ಅವಳು ನಡುವಿನ ಗೆರೆಯ ಮೇಲೆಯೇ ಬರೆದಳು.