ಹೊರಸೀಮೆಯ ಕೂಲಿಗಾರರೂ ನಮ್ಮ ಬೇಸಾಯವೂ

ಭೂಮಿ, ನೀರು, ಬೀಜ, ಗೊಬ್ಬರ ಇವೆಲ್ಲವೂ ಅನುಕೂಲವಾಗಿದ್ದರೂ ಸಕಾಲದಲ್ಲಿ ಆಳುಗಳು ದೊರೆಯದಿದ್ದರೆ ಬೆಳೆಯು ಕೈಸೇರದೆಂಬುದನ್ನು ವ್ಯವಸಾಯಗಾರರೆಲ್ಲರೂ ಬಲ್ಲರು. ಕೋಲಾರ ಜಿಲ್ಲೆಯ ದುಡಿಮೆಯಲ್ಲಿ ಹೊರಗಿನಿಂದ ಬಂದವರ ಪಾಲು ಎಷ್ಟೆಂಬುದನ್ನೂ, ಅವರೊಡನೆ ರೈತರು ನಡೆದುಕೊಳ್ಳತಕ್ಕ ರೀತಿಯನ್ನೂ ಇಲ್ಲಿ ವಿವರಿಸಲಾಗಿದೆ.

ತರಕಾರಿ ಬೇಸಾಯದಲ್ಲಿ ಹೆಸರಾದ ತಿಗಳರ ಪೂರ್ವಿಕರು ತಮಿಳು ಸೀಮೆಯಿಂದ ಬಂದವರೆಂದು ಪ್ರತೀತಿಯುಂಟು. ಬಂದವರು ತೋಳ್ಬಲವನ್ನು ಮಾತ್ರವಲ್ಲದೆ ತೋಟಗಾರಿಕೆಯ ಕುಶಲತೆಯನ್ನೂ ತಂದರು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಚಿನ್ನದ ಗಣಿಗಳ ಕೆಲಸವನ್ನು ಕೈಕೊಂಡ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಸಾವಿರಾರು ಮಂದಿ ಬಂದು ನೆಲಸಿದರು. ಕಾಲಕ್ರಮದಲ್ಲಿ ಗಣಿಯ ಆಳವು 3,000 ಮೀಟರನ್ನು ಮೀರಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆ ಸಂಸಾರಗಳವರು ಅನೇಕರು ಈಗ ಮಾಲೂರಿನ ಮೇಲೆ ಹಾದುಹೋಗುವ ರೈಲಿನಲ್ಲಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಇಂದು ಪರರಾಜ್ಯದವರು ದುಡಿಯುತ್ತಿದ್ದಾರೆ. ಮಳೆ ನಿಂತೊಡನೆ ಇಟ್ಟಿಗೆಯ ಕೆಲಸ ಮೊದಲಾಗುವುದು; ರಾಗಿಯ ಕೊಯಿಲೂ ಆಗಲೇ ಬರುವುದು. ಹೀಗಾಗಿ ಆಳುಗಳಿಗೆ ಪೈಪೋಟಿ ಏರ್ಪಡುತ್ತದೆ.

ಬಂದವರಿಂದ ಊರಿನವರ ಕೂಲಿ ಇಳಿಯಿತೆಂದು ಕೆಲವರು ದೂರುವುದುಂಟು. ಒಂದೇ ಕೆಲಸಕ್ಕೆ ಹೊರಗಿನವನಿಗೆ ಕಡಮೆ ಕೊಟ್ಟರೆ ಊರಿನವನ ಕೂಲಿಯೂ ಇಳಿಯುವುದು ಸಹಜವೇ. ಆದರೆ ಈ ದೋಷವು ಕೂಲಿಯಲ್ಲಿ ಭೇದ ಮಾಡುವವನದೇ ಹೊರತು ಬಂದವನದಲ್ಲ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಸ್ತಬ್ಧವಾದಾಗ ಕೂಲಿಗಾರರು ನೂರಾರು ಮೈಲಿ ಕಾಲ್ನಡಿಗೆಯಲ್ಲಿ ತಮ್ಮ ಊರುಗಳಿಗೆ ಹೊರಟುದನ್ನು ಯಾರೂ ಮರೆತಿಲ್ಲ. ಕಷ್ಟಕಾಲದಲ್ಲಿ ಆಶ್ರಯ ಸಿಕ್ಕದ ಕಡೆಗೆ ಆಳು ಮರಳಿ ಬರುವನೆಂದು ನೆಚ್ಚಲಾಗದು.

ಆದುದರಿಂದ ರೈತರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಒಂದೇ ಕೆಲಸಕ್ಕೆ ಒಂದೇ ಕೂಲಿ. ಅದು ಸರ್ಕಾರವು ಗೊತ್ತುಮಾಡಿದ ಕನಿಷ್ಠ ಕೂಲಿಗೆ ಕಡಮೆಯಾಗಕೂಡದು. ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಆಳಿಗೆ ತೋರಿಸಬೇಕು.

2. ಮುಂಗಡ ಕೊಟ್ಟ ನೆಪದಿಂದ ಆಳನ್ನು ಹಿಡಿದಿಡಕೂಡದು. 1976ರ ಶಾಸನದಂತೆ ಜೀತಪದ್ಧತಿಯು ಅಪರಾಧವಾಗಿದೆ.

3. ಕೀಟನಾಶಕದ ಡಬ್ಬಿಯ ಮೇಲಿನ ಬರಹವನ್ನು ಓದಲಾರದವನಿಗೆ ಅದರ ಬಣ್ಣದ ಗುರುತನ್ನು ಕಲಿಸಬೇಕು. ಕೆಂಪು ಅತ್ಯಂತ ಘೋರವಿಷ. ಹಳದಿ, ನೀಲಿ, ಹಸುರು ಕ್ರಮವಾಗಿ ಕಡಮೆ. ಹಸುರು ಗುರುತಿದ್ದರೂ ಅದು ವಿಷವೇ.

4. ಕುಡಿಯುವ ನೀರು ಮತ್ತು ನೆರಳನ್ನು ಒದಗಿಸಬೇಕು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಸಮೀಪದ ಶಾಲೆಗೆ ಸೇರಿಸಲು ತಂದೆತಾಯಿಗಳಿಗೆ ನೆರವಾಗಬೇಕು.

ಇವುಗಳಿಗೆ ತಗಲುವ ವೆಚ್ಚವು ಅಲ್ಪ. ಕಟಾವಿಗೆ ಬಂದ ಟೊಮ್ಯಾಟೊ ಬೆಳೆಯು ಆಳಿಲ್ಲದೆ ಎರಡು ದಿನ ಗಿಡದಲ್ಲಿಯೇ ನಿಂತರೆ ಆಗುವ ನಷ್ಟವನ್ನು ಇದರೊಡನೆ ಹೋಲಿಸಿ ನೋಡಬಹುದು.