ನಮ್ಮ ಮನೆಗೆ ಎಂಥ ನಾಯಿಮರಿ?

ಮಕ್ಕಳೇ, ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯನ್ನು ನೋಡಿದ್ದೀರಾ? ಗಿಡ್ಡ ಕಾಲು, ತುಂಬಿಕೊಂಡ ಮೈ. ಬೇರೆ ಕುರಿಗಳ ನಡುವೆ ನಿಂತರೂ ಗುರುತು ಸಿಗುತ್ತದೆ. ಇಂಥ ಗುಣಗಳು ತಂದೆ ತಾಯಿಯಿಂದ ಮರಿಗಳಿಗೆ ಬರುತ್ತಾ ಹೋಗುವ ಗುಂಪೇ ತಳಿ. ನಾಯಿಗಳಲ್ಲೂ ತಳಿಗಳಿವೆ. ತಮ್ಮ ಕೆಲಸಕ್ಕೆ ಒದಗುವ ನಾಯಿಗಳನ್ನೇ ಆರಿಸಿ ಮರಿ ಮಾಡಿಸುತ್ತಾ ಮನುಷ್ಯರು ಅವನ್ನು ರೂಪಿಸಿದರು.

ಆದ್ದರಿಂದ ಮರಿ ತರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ತಳಿ ಎಂಥ ಜಾಗದಲ್ಲಿ, ಯಾವ ಕೆಲಸಕ್ಕಾಗಿ ಬೆಳೆದು ಬಂದದ್ದು?

ಹಸ್ಕಿಯನ್ನು ತೆಗೆದುಕೊಳ್ಳಿ. ಅದು ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುತ್ತಿದ್ದ ನಾಯಿ. ಚಳಿ ತಡೆಯಲು ಅದಕ್ಕೆ ಎರಡು ಪದರದ ದಟ್ಟ ಕೂದಲಿದೆ. ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಅದರ ಪಾಡೇನು? ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿಯಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ. ಸೆಕೆಯಾದಾಗ ಅದು ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತದೆ. ಆಗ ನಾಲಿಗೆ, ಬಾಯಿ, ಮೂಗಿನ ತೇವ ಆವಿಯಾಗುತ್ತಾ ಮೈಯ ಶಾಖವನ್ನು ಒಯ್ಯುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. 2003ರ ಮೊಬೈಲ್ ಜಾಹೀರಾತಿನಿಂದ ಹೆಸರಾದ ಪಗ್ ನಾಯಿಗೆ ಮೂತಿ ಮೋಟು. ಅದಕ್ಕೆ ಉಸಿರಾಟವೇ ಕಷ್ಟ. ಬೇಸಿಗೆಯಲ್ಲಿ ಇನ್ನೂ ಕಷ್ಟ.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ನಮ್ಮ ರಾಜ್ಯದ್ದೇ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿಯೂ ಬಂತು. ಅದರ ಕೂದಲು ತೆಳು, ಬಿಸಿಲು ತಡೆಯುತ್ತದೆ. ಆದರೆ ಅದು ಬೇಟೆಗೆ ಓಡುವ ನಾಯಿ. ದಿನವಿಡೀ ಸರಪಳಿಯಲ್ಲಿ ಕಟ್ಟಿದರೆ ಸೊರಗುತ್ತದೆ.

ಇನ್ನು ನಮ್ಮ ಬೀದಿಯ ನಾಡು ನಾಯಿ! ಅದನ್ನು ಯಾರೂ ಆರಿಸಿ ಬೆಳೆಸಲಿಲ್ಲ. ಇಲ್ಲಿನ ಬಿಸಿಲು ಮಳೆಯಲ್ಲಿ ಬದುಕಿ ಉಳಿದವುಗಳ ಸಂತತಿ ಅದು. ಮದ್ದೂರು, ಮಳವಳ್ಳಿಯ ಮನೆಗಳಿಗೆ ಇದಕ್ಕಿಂತ ಒಪ್ಪುವ ನಾಯಿ ನನಗೆ ಕಾಣದು. ಮುದ್ದೆ, ಮೊಸರು, ಮೊಟ್ಟೆ ತಿಂದುಕೊಂಡಿರುತ್ತದೆ. ಈರುಳ್ಳಿ ಹಾಕಿದ ಸಾರು ಮಾತ್ರ ಬೇಡ. ಈರುಳ್ಳಿ ಯಾವುದೇ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ.

ಮರಿಯನ್ನು ನೀವೇ ಎತ್ತಿಕೊಂಡು ಬರಬೇಡಿ, ತಾಯಿನಾಯಿ ಕಚ್ಚೀತು. ದೊಡ್ಡವರ ಜೊತೆ ಹೋಗಿ. ಎಂಟು ವಾರವಾದರೂ ಮರಿ ತಾಯಿಯ ಬಳಿ ಇರಲಿ. ತಂದ ಕೂಡಲೇ ಪಶು ಆಸ್ಪತ್ರೆಯಲ್ಲಿ ತೋರಿಸಿ. ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಬೇಕು. ಮುಂದೆ ವೈದ್ಯರು ಹೇಳಿದಾಗಲೆಲ್ಲ ಮತ್ತೆ ಹಾಕಿಸಬೇಕು.

ನಾಯಿ ಕಚ್ಚಿದರೆ ಅಥವಾ ಪರಚಿದರೆ, ಅದು ಪುಟ್ಟ ಮರಿಯೇ ಆಗಿರಲಿ, ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಗಾಯವನ್ನು ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿಸಿ. ರೇಬಿಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ.

ಮಾಡಿ ನೋಡಿ: ಒಂದು ಅಂಗೈಯನ್ನು ನೀರಿನಿಂದ ಒದ್ದೆ ಮಾಡಿ. ಇನ್ನೊಂದು ಒಣಗಿಯೇ ಇರಲಿ. ಎರಡರ ಮೇಲೂ ಊದಿ. ಯಾವುದು ತಂಪೆನಿಸಿತು? ನಾಯಿಯ ನಾಲಿಗೆ ಒಣಗಿದ್ದರೆ ಏನಾಗುತ್ತಿತ್ತು? ಬೇಸಿಗೆಯಲ್ಲಿ ಅದರ ಬಟ್ಟಲಿನಲ್ಲಿ ಸದಾ ನೀರಿರಬೇಕು ಏಕೆ? ಬರೆಯಿರಿ.